ಕೆಲಸ ಮುಗೀತು, ದುಡ್ಡು ಯಾವಾಗ? ಸ್ವಂತವಾಗಿ ಕೆಲಸ ಮಾಡೋರ ಇನ್‌ವಾಯ್ಸ್ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನಿಂತ್ಕೊಂಡಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ವಿಷಯ ಮಾತ್ರ ನಿಮ್ಮಲ್ಲಿ ತುಂಬಾ ಜನಕ್ಕೆ ನೇರವಾಗಿ ತಟ್ಟೋದು. ಕಂಪನಿ ಕೆಲಸ ಇಲ್ಲದೆ, ಅಥವಾ ಬಿಟ್ಟು, ಸ್ವಂತವಾಗಿ ಡಿಸೈನು, ಕೋಡಿಂಗು, ಅನುವಾದ, ಟ್ರೈನಿಂಗು ಅಂತ ದುಡೀತಿರೋರು ಬಿಲ್ ಮಾಡೋದು ಹೇಗೆ, ಮಾಡಿದ ಬಿಲ್ಲಿಗೆ ದುಡ್ಡು ಬರೋ ಹಾಗೆ ನೋಡ್ಕೊಳ್ಳೋದು ಹೇಗೆ.

ಹೋದ ವಾರ ಶಿವಮೊಗ್ಗದಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಅವರ ಒಪ್ಪಿಗೆ ತಗೊಂಡು, ಹೆಸರು ಬಿಟ್ಟು ಹೇಳ್ತಿದ್ದೀನಿ. "ಅಕ್ಕಾ, ನಾನು ಆ್ಯಪ್‌ಗಳಿಗೆ ಕನ್ನಡ ಅನುವಾದ ಮಾಡ್ತೀನಿ, ಭಾಷಾ ಸಲಹೆಗಾರ ಅಂತ ಕರೀತಾರೆ. ಗುರುಗ್ರಾಮದ ಒಂದು ಕಂಪನಿಗೆ ಮಾರ್ಚಲ್ಲಿ ಕೆಲಸ ಮುಗಿಸಿಕೊಟ್ಟೆ. ಐದು ತಿಂಗಳಾಯ್ತು. ಕೇಳಿದಾಗೆಲ್ಲ ‘ಪ್ರೋಸೆಸ್‌ನಲ್ಲಿದೆ’ ಅಂತಾರೆ. ಜಾಸ್ತಿ ಕೇಳಿದ್ರೆ ಮುಂದಿನ ಕೆಲಸ ಕೊಡಲ್ವೇನೋ ಅಂತ ಭಯ. ಅಮ್ಮನ ಹತ್ರ ತಗೊಂಡು ಬಾಡಿಗೆ ಕಟ್ತಿದ್ದೀನಿ. ಬಿಲ್ ಅಂತೂ ಸರಿಯಾಗೇ ಕಳಿಸಿದ್ದೀನಿ."

ನಾನು ಆ ಬಿಲ್ಲಿನ ಫೋಟೋ ಕಳಿಸಿ ಅಂದೆ. ಕಳಿಸಿದ್ರು. ನೋಡಿ ಎರಡು ನಿಮಿಷ ಸುಮ್ಮನೆ ಕೂತೆ. ಯಾಕಂದ್ರೆ ಅದರಲ್ಲಿದ್ದ ತಪ್ಪುಗಳಲ್ಲಿ ಅರ್ಧ ನಾನೂ ಮಾಡಿದ್ದೇ. ಈ ಡೆಸ್ಕಿಗೆ ಬರೋಕೆ ಮುಂಚೆ ನಾಲ್ಕು ವರ್ಷ ನಾನೂ ಇದೇ ಥರ ಫ್ರೀಲ್ಯಾನ್ಸ್ ಮಾಡ್ಕೊಂಡಿದ್ದೆ. ಒಂದು ಸಂಸ್ಥೆಯಿಂದ 84,000 ರೂಪಾಯಿ ಬರೋಕೆ ಏಳು ತಿಂಗಳು ಹಿಡೀತು. ಏಳನೇ ತಿಂಗಳು ಗೊತ್ತಾಗಿದ್ದು ಏನಂದ್ರೆ, ನನ್ನ ಇನ್‌ವಾಯ್ಸು ಅವರ ಲೆಕ್ಕದ ವಿಭಾಗಕ್ಕೆ ಹೋಗೇ ಇರಲಿಲ್ಲ. ಕೆಲಸ ಕೊಟ್ಟ ಮ್ಯಾನೇಜರ್‌ನ ಇನ್‌ಬಾಕ್ಸಲ್ಲಿ ಮಲಗಿತ್ತು. ಅವರು ಫಾರ್ವರ್ಡ್ ಮಾಡಿದ ಮೇಲೂ ವಾಪಸ್ ಬಂತು, "ಪಿಒ ನಂಬರ್ ಇಲ್ಲ" ಅಂತ. ಯಾರೂ ನನಗೆ ಮೋಸ ಮಾಡ್ತಿರಲಿಲ್ಲ. ಯಾರಿಗೂ ನನ್ನ ನೆನಪೇ ಇರಲಿಲ್ಲ, ಅಷ್ಟೇ. ಅದು ಇನ್ನೂ ಬೇಜಾರು.

ಸರಿ, ಈಗ ಆ ಶಿವಮೊಗ್ಗದ ಬಿಲ್ಲನ್ನೇ ಮುಂದಿಟ್ಕೊಂಡು ಮಾತಾಡೋಣ.

ಯಾರ ಹೆಸರಿಗೆ ಬಿಲ್?

ಮೊದಲನೇ ತೊಂದರೆ ಮೇಲ್ಗಡೆನೇ ಇತ್ತು. "ಇವರಿಗೆ" ಅನ್ನೋ ಜಾಗದಲ್ಲಿ ಆ್ಯಪಿನ ಹೆಸರು ಬರೆದಿದ್ರು. ನಾವು ಫೋನಲ್ಲಿ ನೋಡೋ ಹೆಸರು ಬ್ರ್ಯಾಂಡು. ಬ್ರ್ಯಾಂಡಿಗೆ ಬ್ಯಾಂಕ್ ಖಾತೆ ಇರಲ್ಲ. ಅದರ ಹಿಂದೆ ಬೇರೇನೋ ಹೆಸರಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇರುತ್ತೆ, ದುಡ್ಡು ಕೊಡೋದು ಅದು. ಒಂದೇ ಗುಂಪಲ್ಲಿ ಮೂರ್ನಾಲ್ಕು ಕಂಪನಿ ಇರೋದೂ ಉಂಟು. ತಪ್ಪು ಹೆಸರಿನ ಬಿಲ್ಲನ್ನ ಅಕೌಂಟ್ಸ್‌ನವರು ಪುಸ್ತಕಕ್ಕೆ ಏರಿಸೋಕೇ ಆಗಲ್ಲ. ಹಾಗಾಗಿ ಕೆಲಸ ಒಪ್ಕೊಳ್ಳೋ ದಿನವೇ ಒಂದು ಮೇಲ್ ಹಾಕಿ: ಬಿಲ್ ಯಾವ ಕಂಪನಿ ಹೆಸರಿಗೆ, ವಿಳಾಸ ಏನು, ಜಿಎಸ್‌ಟಿ ನಂಬರ್ ಏನು, ಪಿಒ ಅಂದ್ರೆ ಪರ್ಚೇಸ್ ಆರ್ಡರ್ ಕೊಡ್ತೀರಾ, ಇನ್‌ವಾಯ್ಸನ್ನ ಯಾವ ಮೇಲ್ ಐಡಿಗೆ ಕಳಿಸಬೇಕು. ಐದು ಪ್ರಶ್ನೆ. ಇದನ್ನ ಕೇಳಿದ್ರೆ "ಏನಪ್ಪಾ ಈತ ದುಡ್ಡಿನ ಹಿಂದೆ ಬಿದ್ದಿದ್ದಾನೆ" ಅಂತ ಯಾರೂ ಅಂದ್ಕೊಳ್ಳಲ್ಲ. ಕೇಳದೇ ಇದ್ರೇನೇ ಹೊಸಬ ಅಂತ ಗೊತ್ತಾಗೋದು.

ದೊಡ್ಡ ಕಂಪನಿ ಆದ್ರೆ ಇನ್ನೊಂದು ಹೆಜ್ಜೆ ಇದೆ, ವೆಂಡರ್ ರಿಜಿಸ್ಟ್ರೇಷನ್. ಪ್ಯಾನ್ ಕಾರ್ಡ್, ಕ್ಯಾನ್ಸಲ್ ಮಾಡಿದ ಚೆಕ್, ಒಂದು ಫಾರ್ಮ್ ಕೊಡಬೇಕು. ಅದಾದ ಮೇಲೇ ಅವರ ಸಾಫ್ಟ್‌ವೇರಲ್ಲಿ ನೀವು ಅಂತ ಒಬ್ಬರು ಹುಟ್ತೀರಿ. ನಮ್ಮ ಶಿವಮೊಗ್ಗದ ಗೆಳೆಯರು ಆ ಫಾರ್ಮ್ ಕೊಟ್ಟೇ ಇರಲಿಲ್ಲ. ಕೊಡಿ ಅಂತ ಅವರಿಗೆ ಯಾರೂ ಹೇಳಿರಲೂ ಇಲ್ಲ. ಕೆಲಸ ಶುರು ಮಾಡೋ ಮುಂಚೆ ಇದನ್ನ ಮುಗಿಸ್ಕೊಳ್ಳಿ. ಕೆಲಸ ಕೊಡೋವರೆಗೂ ಅವರಿಗೆ ನಿಮ್ಮ ಗರಜು ಇರುತ್ತೆ, ಕೊಟ್ಟ ಮೇಲೆ ಗರಜು ನಿಮ್ಮದಾಗುತ್ತೆ.

ಇನ್‌ವಾಯ್ಸ್‌ನಲ್ಲಿ ನಿಮ್ಮ ಹೆಸರು ಬ್ಯಾಂಕ್ ಖಾತೆಯಲ್ಲಿ, ಪ್ಯಾನಲ್ಲಿ ಇರೋ ಹಾಗೇ ಇರಲಿ. ಇನ್‌ಸ್ಟಾಗ್ರಾಂ ಹೆಸರು ಬೇಡ. ಬಿಲ್ ನಂಬರು ಒಂದೇ ಸರಣಿಯಲ್ಲಿ ಹೋಗಲಿ, ಉದಾಹರಣೆಗೆ 2025-26/007. ಜಿಎಸ್‌ಟಿ ನೋಂದಣಿ ಇರೋರಿಗೆ ಇದು ನಿಯಮನೇ: ಆರ್ಥಿಕ ವರ್ಷದಲ್ಲಿ ನಂಬರ್ ಪುನರಾವರ್ತನೆ ಆಗಬಾರದು, 16 ಅಕ್ಷರ ಮೀರಬಾರದು. ನೋಂದಣಿ ಇಲ್ಲದವರಿಗೂ ಒಳ್ಳೇ ಅಭ್ಯಾಸ. ಶಿವಮೊಗ್ಗದ ಬಿಲ್ಲಲ್ಲಿ "ಬಿಲ್ ನಂ. 1" ಅಂತಿತ್ತು. ಕೇಳಿದ್ರೆ, ಪ್ರತಿ ಕ್ಲೈಂಟಿಗೂ 1ರಿಂದ ಶುರು ಮಾಡ್ತಾರಂತೆ. ವರ್ಷದ ಕೊನೆಗೆ ಆಡಿಟರ್ ಮುಂದೆ ನಾಲ್ಕು "ಬಿಲ್ ನಂ. 1" ಇಟ್ರೆ ಅವರು ಏನಂತಾರೆ, ಯೋಚನೆ ಮಾಡಿ.

ಏನು ಕೆಲಸ ಅನ್ನೋದನ್ನ ಬಿಡಿಸಿ ಬರೀರಿ. "ಅನುವಾದ ಶುಲ್ಕ 62,000" ಅಂದ್ರೆ ಸಾಲದು. ಎಷ್ಟು ಪದ, ಒಂದು ಪದಕ್ಕೆ ಎಷ್ಟು, ಯಾವ ದಿನ ಒಪ್ಪಿಸಿದ್ದು, ಯಾರು ಒಪ್ಪಿದ್ದು. ಅಕೌಂಟ್ಸಲ್ಲಿ ಕೂತಿರೋರು ನಿಮ್ಮನ್ನ ನೋಡಿಲ್ಲ, ನಿಮ್ಮ ಕೆಲಸ ನೋಡಿಲ್ಲ, ಎಷ್ಟೋ ಸಲ ಅವರಿಗೆ ಕನ್ನಡವೂ ಬರಲ್ಲ. ಅವರಿಗೆ ಕಾಣೋದು ಆ ಒಂದು ಹಾಳೆ ಮಾತ್ರ.

ಜಿಎಸ್‌ಟಿ: ಇಲ್ಲದ್ದನ್ನ ಹಾಕಬೇಡಿ

ಈಗ ಬರೋದು ನನ್ನನ್ನ ನಿಜವಾಗ್ಲೂ ಬೆಚ್ಚಿಬೀಳಿಸಿದ್ದು. ಆ ಬಿಲ್ಲಲ್ಲಿ 62,000 ರೂಪಾಯಿ, ಅದರ ಕೆಳಗೆ "ಜಿಎಸ್‌ಟಿ 18%: 11,160", ಒಟ್ಟು 73,160 ಅಂತಿತ್ತು. "ನಿಮಗೆ ಜಿಎಸ್‌ಟಿ ನೋಂದಣಿ ಇದೆಯಾ?" ಅಂದೆ. "ಇಲ್ಲ ಅಕ್ಕ, ಇಂಟರ್ನೆಟ್ಟಲ್ಲಿ ಸಿಕ್ಕ ಟೆಂಪ್ಲೇಟಲ್ಲಿ ಆ ಸಾಲು ಇತ್ತು, ಹಾಕಲೇಬೇಕು ಅಂದ್ಕೊಂಡೆ."

ಹಾಕೋ ಹಾಗಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಅಂತ ಒಂದು ರೂಪಾಯಿನೂ ವಸೂಲಿ ಮಾಡಬಾರದು ಅಂತ ಕಾಯ್ದೆಯ 32ನೇ ಸೆಕ್ಷನ್ ನೇರವಾಗಿ ಹೇಳುತ್ತೆ. ತೆರಿಗೆ ಅಂತ ಹೇಳಿ ತಗೊಂಡಿದ್ದನ್ನ ಸರ್ಕಾರಕ್ಕೆ ಕಟ್ಟಲೇಬೇಕು, ಜೇಬಿಗೆ ಹಾಕ್ಕೊಳ್ಳೋ ಹಾಗಿಲ್ಲ. ಅವರ ಕ್ಲೈಂಟು ಬಿಲ್ಲನ್ನ ಪಕ್ಕಕ್ಕಿಟ್ಟಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಜಿಎಸ್‌ಟಿ ನಂಬರೇ ಇಲ್ಲದ ಬಿಲ್ಲಲ್ಲಿ ಜಿಎಸ್‌ಟಿ ಇದ್ರೆ ಯಾವ ಅಕೌಂಟೆಂಟೂ ಮುಟ್ಟಲ್ಲ.

ಹಾಗಾದ್ರೆ ನೋಂದಣಿ ಯಾವಾಗ? ಕರ್ನಾಟಕದಲ್ಲಿ ಸೇವೆ ಕೊಡೋರಿಗೆ ಒಂದು ಆರ್ಥಿಕ ವರ್ಷದಲ್ಲಿ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ತಿಂಗಳ ಲೆಕ್ಕದಲ್ಲಿ ಸುಮಾರು 1.66 ಲಕ್ಷ. ಇದು ಲಾಭ ಅಲ್ಲ, ಬಿಲ್ ಮಾಡಿದ ಮೊತ್ತ. ವಿದೇಶಿ ಕ್ಲೈಂಟುಗಳ ಬಿಲ್ಲೂ ಇದರಲ್ಲಿ ಸೇರುತ್ತೆ. ಮನೆ ಬಾಡಿಗೆ ಬರ್ತಿದ್ರೆ ಅದೂ ಸೇರುತ್ತೆ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ.

"ಹೊರರಾಜ್ಯದ ಕ್ಲೈಂಟ್ ಇದ್ರೆ ಮೊದಲ ರೂಪಾಯಿಯಿಂದಲೇ ಜಿಎಸ್‌ಟಿ ಬೇಕು" ಅಂತ ಒಂದು ಮಾತು ಈಗಲೂ ಓಡಾಡ್ತಿದೆ. ಜಿಎಸ್‌ಟಿ ಬಂದ ಹೊಸದರಲ್ಲಿ ನಿಜವಾಗಿತ್ತು. 2017ರ ಅಕ್ಟೋಬರಲ್ಲಿ ಸೇವೆ ಕೊಡೋರಿಗೆ ಅದರಿಂದ ವಿನಾಯಿತಿ ಕೊಟ್ರು. ಶಿವಮೊಗ್ಗದಲ್ಲಿ ಕೂತು ಗುರುಗ್ರಾಮಕ್ಕೆ ಬಿಲ್ ಮಾಡೋರಿಗೂ ಈಗ ಅದೇ 20 ಲಕ್ಷದ ಗೆರೆ.

ನೋಂದಣಿ ಇಲ್ಲ ಅಂದ್ರೆ ಬಿಲ್ಲಿನ ತಲೆಬರಹ ಬರೀ "ಇನ್‌ವಾಯ್ಸ್" ಅಂತಿರಲಿ, "ಟ್ಯಾಕ್ಸ್ ಇನ್‌ವಾಯ್ಸ್" ಅಲ್ಲ. ಕೆಳಗೆ "ಜಿಎಸ್‌ಟಿ ನೋಂದಣಿ ಇಲ್ಲ, ವಹಿವಾಟು ಮಿತಿಯೊಳಗಿದೆ" ಅಂತ ಒಂದು ಸಾಲು ಬರೆದ್ರೆ ಮುಂದಿನ ಮೇಲ್ ಉಳಿಯುತ್ತೆ.

ನೋಂದಣಿ ಇರೋರಿಗೆ ಚುಟುಕಾಗಿ. ವೃತ್ತಿಪರ ಸೇವೆಗಳಲ್ಲಿ ಹೆಚ್ಚಿನವಕ್ಕೆ 18%. ಕ್ಲೈಂಟು ಕರ್ನಾಟಕದಲ್ಲೇ ನೋಂದಣಿ ಆಗಿದ್ರೆ ಅದನ್ನ ಕೇಂದ್ರಕ್ಕೆ 9, ರಾಜ್ಯಕ್ಕೆ 9 ಅಂತ ಒಡೆದು ತೋರಿಸಬೇಕು. ಹೊರರಾಜ್ಯ ಆದ್ರೆ ಐಜಿಎಸ್‌ಟಿ 18 ಅಂತ ಒಂದೇ ಸಾಲು. ಸೇವೆ ಕೊಟ್ಟ 30 ದಿನದೊಳಗೆ ಬಿಲ್ ಆಗಬೇಕು. ಇಲ್ಲೊಂದು ನೋವಿನ ಸಂಗತಿ ಇದೆ. ಕ್ಲೈಂಟ್ ದುಡ್ಡು ಕೊಡಲಿ ಬಿಡಲಿ, ಬಿಲ್ ಮಾಡಿದ ಅವಧಿಯ ಜಿಎಸ್‌ಟಿಯನ್ನ ನೀವು ಕಟ್ಟಲೇಬೇಕು. ಒಂದು ಲಕ್ಷದ ಬಿಲ್ಲಿಗೆ 18,000 ನಿಮ್ಮ ಜೇಬಿಂದ ಮೊದಲು ಹೋಗುತ್ತೆ. ತಡ ಮಾಡಿದ್ರೆ ವರ್ಷಕ್ಕೆ 18%ರ ಬಡ್ಡಿ. ಅದಕ್ಕೇ ಅನುಭವಸ್ಥರು ಮೊದಲು ಪ್ರೊಫಾರ್ಮಾ ಕಳಿಸಿ, ಹೆಸರು, ಪಿಒ, ಮೊತ್ತ ಎಲ್ಲ ಸರಿ ಇದೆ ಅಂತ ಒಪ್ಪಿಸ್ಕೊಂಡು, ಆಮೇಲೆ ಆ 30 ದಿನದೊಳಗೆ ನಿಜವಾದ ಟ್ಯಾಕ್ಸ್ ಇನ್‌ವಾಯ್ಸ್ ಹಾಕೋದು. ಅಡ್ವಾನ್ಸ್ ತಗೊಂಡ್ರೆ ಮಾತ್ರ ಆ ಮೊತ್ತಕ್ಕೂ ಆಗಲೇ ಜಿಎಸ್‌ಟಿ ಬೀಳುತ್ತೆ, ಮರೀಬೇಡಿ.

62,000 ಬರಬೇಕು, 55,800 ಯಾಕೆ ಬಂತು?

ಇದು ನಮಗೆ ಬರೋ ಪ್ರಶ್ನೆಗಳಲ್ಲಿ ಬಹುಶಃ ಅತಿ ಹೆಚ್ಚು. ಕಡಿಮೆ ದುಡ್ಡು ಬಂದಿದ್ದು ನೋಡಿ ಕ್ಲೈಂಟ್ ಜೊತೆ ಜಗಳ ಆಡಿದೋರೂ ಇದ್ದಾರೆ.

ಅದು ಟಿಡಿಎಸ್. ಸಲಹೆ, ವೃತ್ತಿಪರ ಸೇವೆಗೆ ಕಂಪನಿ ದುಡ್ಡು ಕೊಡುವಾಗ 10% ಹಿಡ್ಕೊಂಡು ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುತ್ತೆ. 194ಜೆ ಅಂತ ಎಲ್ಲರ ಬಾಯಲ್ಲೂ ಇರೋದು ಇದೇ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ, ಆದ್ರೂ ಹಳೇ ಹೆಸರು ಬಾಯಿಂದ ಹೋಗಿಲ್ಲ. ಒಂದೇ ಕ್ಲೈಂಟಿಂದ ವರ್ಷಕ್ಕೆ ಬರೋ ಶುಲ್ಕ ಒಂದು ಮಿತಿ ದಾಟಿದ್ರೆ ಮಾತ್ರ ಕಡಿತ. ಆ ಮಿತಿ ಮೊದಲು 30,000 ಇತ್ತು, 2025ರ ಏಪ್ರಿಲ್‌ನಿಂದ 50,000 ಆಗಿದೆ. ಕೆಲವು ಬಗೆಯ ತಾಂತ್ರಿಕ ಸೇವೆಗೆ 2%. ಕೆಲವು ಕಂಪನಿಗಳು ನಿಮ್ಮ ಕೆಲಸವನ್ನ ಗುತ್ತಿಗೆ ಅಂತ ಪರಿಗಣಿಸಿ 1% ಹಿಡೀತಾರೆ. ಯಾವುದರಡಿ ಹಿಡೀತೀರಿ ಅಂತ ಮೊದಲೇ ಕೇಳಿಟ್ಕೊಳ್ಳಿ.

ಬಿಲ್ಲಲ್ಲಿ ಪ್ಯಾನ್ ಬರೀಲೇಬೇಕು. ಪ್ಯಾನ್ ಕೊಡದಿದ್ರೆ 10% ಅಲ್ಲ, 20% ಹಿಡಿಯೋ ನಿಯಮ ಇದೆ. ಶಿವಮೊಗ್ಗದ ಬಿಲ್ಲಲ್ಲಿ ಪ್ಯಾನ್ ಇರಲಿಲ್ಲ.

ಜಿಎಸ್‌ಟಿ ಇರೋರು ಅದನ್ನ ಬಿಲ್ಲಲ್ಲಿ ಬೇರೆ ಸಾಲಲ್ಲಿ ತೋರಿಸಿದ್ರೆ, ಟಿಡಿಎಸ್ ಬೀಳೋದು ಶುಲ್ಕದ ಮೇಲೆ ಮಾತ್ರ, ಜಿಎಸ್‌ಟಿ ಮೇಲಲ್ಲ. 2017ರಲ್ಲೇ ನೇರ ತೆರಿಗೆ ಮಂಡಳಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ. ಲೆಕ್ಕ ನೋಡಿ: ಶುಲ್ಕ 80,000, ಜಿಎಸ್‌ಟಿ 14,400, ಒಟ್ಟು 94,400. ಟಿಡಿಎಸ್ 80,000ದ ಮೇಲೆ 8,000. ನಿಮ್ಮ ಖಾತೆಗೆ 86,400 ಬರಬೇಕು. 84,960 ಬಂದಿದ್ರೆ ಅವರು ಒಟ್ಟು ಮೊತ್ತದ ಮೇಲೆ ಹಿಡಿದಿದ್ದಾರೆ ಅಂತ ಅರ್ಥ, ಕೇಳಿ.

ಹಿಡಿದ ದುಡ್ಡು ಎಲ್ಲೂ ಹೋಗಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಲಾಗಿನ್ ಆದ್ರೆ ಯಾವ ಕಂಪನಿ ಎಷ್ಟು ಕಟ್ಟಿದೆ ಅಂತ ಕಾಣುತ್ತೆ. ಮೂರು ತಿಂಗಳಿಗೊಮ್ಮೆ ನೋಡಿ. ಹಿಡಿದು ಕಟ್ಟದೇ ಇರೋ ಮಹಾನುಭಾವರೂ ಇದ್ದಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಈಗ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸೇರಿ ತೆರಿಗೆ ಸೊನ್ನೆ, ಹಾಗಾಗಿ ಸಣ್ಣ ಮಟ್ಟದಲ್ಲಿ ದುಡಿಯೋರಿಗೆ ಟಿಡಿಎಸ್ ಪೂರ್ತಿ ವಾಪಸ್ ಬರೋ ಸಾಧ್ಯತೆ ಇದೆ. ಆದ್ರೆ ರಿಟರ್ನ್ ಹಾಕಿದ್ರೆ ಮಾತ್ರ. "ನನಗೆ ತೆರಿಗೆ ಬರಲ್ಲ, ರಿಟರ್ನ್ ಯಾಕೆ" ಅಂತ ಸುಮ್ಮನಿದ್ದು ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಬಿಟ್ಟುಕೊಟ್ಟ ಗೆಳೆಯರು ನನಗೇ ಗೊತ್ತು.

ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಐಟಿ, ಒಳಾಂಗಣ ವಿನ್ಯಾಸ ಥರದ ಪಟ್ಟಿ ಮಾಡಿದ ವೃತ್ತಿಗಳಿಗೆ ಒಟ್ಟು ಸಂಪಾದನೆಯ ಅರ್ಧವನ್ನ ಆದಾಯ ಅಂತ ತೋರಿಸೋ ಸರಳ ದಾರಿಯೂ ಇದೆ, 44ಎಡಿಎ ಅಂತ ಹೆಸರಾಗಿದ್ದು. ಎಲ್ಲ ಫ್ರೀಲ್ಯಾನ್ಸರ್‌ಗಳೂ ಆ ಪಟ್ಟಿಯಲ್ಲಿ ಬರಲ್ಲ. ಅದಕ್ಕೇ ಒಂದು ಸಂಚಿಕೆ ಬೇಕು, ಇವತ್ತು ಬಿಡೋಣ.

ಡಾಲರ್ ಬಿಲ್ಲು

ವಿದೇಶಿ ಕ್ಲೈಂಟ್ ಇರೋರಿಗೆ ಎರಡೇ ಮಾತು. ಜಿಎಸ್‌ಟಿ ನೋಂದಣಿ ಇದ್ರೆ, ಪ್ರತಿ ಆರ್ಥಿಕ ವರ್ಷದ ಶುರುವಲ್ಲಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರ ಸಲ್ಲಿಸಿ. ಅದಿದ್ರೆ ಸೇವಾ ರಫ್ತಿನ ಬಿಲ್ಲಲ್ಲಿ ತೆರಿಗೆ ಸೊನ್ನೆ. ಮರೆತ್ರೆ ಮೊದಲು ತೆರಿಗೆ ಕಟ್ಟಿ ಆಮೇಲೆ ರಿಫಂಡಿಗೆ ಅಲೆಯಬೇಕು. ಎಲ್‌ಯುಟಿ ಅಡಿ ತೆರಿಗೆ ಕಟ್ಟದೆ ಮಾಡಿದ ರಫ್ತು ಅಂತ ಬಿಲ್ಲಿನ ಮೇಲೂ ಬರೀಬೇಕು. ಎರಡನೇದು, ದುಡ್ಡು ಬಂದಾಗ ಬ್ಯಾಂಕಿಂದಲೋ ಪಾವತಿ ಸೇವೆಯಿಂದಲೋ ವಿದೇಶಿ ಹಣ ಬಂದಿದ್ದಕ್ಕೆ ಪತ್ರ ತಗೊಂಡು ಆ ಬಿಲ್ಲಿನ ಜೊತೆಗೇ ಇಟ್ಕೊಳ್ಳಿ. ಮೂರು ವರ್ಷ ಆದ ಮೇಲೆ ಅದನ್ನ ಹುಡುಕೋದು ಅಂದ್ರೆ ಹಳೇ ಮದುವೆ ಆಲ್ಬಂ ಹುಡುಕಿದ ಹಾಗೆ, ಇರುತ್ತೆ, ಸಿಗಲ್ಲ.

ದುಡ್ಡು ಕೇಳೋದು

ಈಗ ನಿಜವಾದ ವಿಷಯಕ್ಕೆ ಬರೋಣ. ಹಳೇ ಕಿರಾಣಿ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಇರ್ತಿತ್ತಲ್ಲ. ಫ್ರೀಲ್ಯಾನ್ಸರ್‌ಗಳ ಅಂಗಡಿಯಲ್ಲಿ ಎಲ್ಲ ದಿನವೂ ಉದ್ರಿನೇ. ನಮಗೆ ಕೇಳೋಕೆ ಸಂಕೋಚ. ಮನೇಲಿ ನೆಂಟರು ಬಂದು ಸಾಲ ತಗೊಂಡು ಹೋದ್ರೂ ಕೇಳದೇ ಇರೋ ಜಾತಿ ನಾವು. ಆದ್ರೆ ಕಂಪನಿಯ ಅಕೌಂಟೆಂಟು ನಿಮ್ಮ ಮಾವ ಅಲ್ಲ. ಕೇಳಿದ್ರೆ ಅವರಿಗೆ ಬೇಜಾರೂ ಆಗಲ್ಲ, ದಿನಾ ನೂರು ಜನ ಕೇಳ್ತಾರೆ.

ಕೇಳೋ ರೀತಿ ಬದಲಾಯಿಸಿ. "ಸರ್, ಪೇಮೆಂಟ್ ಯಾವಾಗ?" ಅಂದ್ರೆ "ಆಗುತ್ತೆ" ಅನ್ನೋದೇ ಉತ್ತರ. "ಮಾರ್ಚ್ 28ರ ಇನ್‌ವಾಯ್ಸ್ 2025-26/007 ನಿಮ್ಮ ಸಿಸ್ಟಮ್‌ನಲ್ಲಿ ಎಂಟ್ರಿ ಆಗಿದೆಯಾ? ಯಾವ ತಾರೀಖಿನ ಪಾವತಿ ಪಟ್ಟಿಯಲ್ಲಿದೆ? ಏನಾದ್ರೂ ದಾಖಲೆ ಬಾಕಿ ಇದೆಯಾ?" ಅಂತ ಕೇಳಿ. ಈ ಪ್ರಶ್ನೆಗೆ ಹಾರಿಕೆ ಉತ್ತರ ಕೊಡೋದು ಕಷ್ಟ. ಇದನ್ನ ಕೆಲಸ ಕೊಟ್ಟವರಿಗಲ್ಲ, ಅಕೌಂಟ್ಸ್‌ಗೆ ಬರೀರಿ, ಕೆಲಸ ಕೊಟ್ಟವರನ್ನ ಸಿಸಿಯಲ್ಲಿಡಿ. ಕೆಲಸ ಕೊಟ್ಟವರ ಜೊತೆ ನಿಮ್ಮ ಸಂಬಂಧವೂ ಕೆಡಲ್ಲ. ಗಡುವಿಗೆ ಒಂದು ವಾರ ಮುಂಚೆ ಒಂದು ನೆನಪಿನ ಮೇಲ್, ಗಡುವಿನ ಮರುದಿನ ಒಂದು, ಆಮೇಲೆ ವಾರಕ್ಕೊಂದು. ಒಂದೇ ಮೇಲ್ ಸರಣಿಯಲ್ಲಿ. ವಾಟ್ಸಾಪ್ ಬೇಡ ಅನ್ನಲ್ಲ, ಆದ್ರೆ ಎಲ್ಲ ಮಾತೂ ಕೊನೆಗೆ ಮೇಲಿಗೆ ಬರಲಿ.

ಮುಖ್ಯವಾಗಿ "ಕೆಲಸ ಸಿಕ್ಕಿದೆ, ಸರಿ ಇದೆ" ಅನ್ನೋ ಒಪ್ಪಿಗೆ ಲಿಖಿತದಲ್ಲಿ ಬೇಕು. ಯಾಕೆ ಅನ್ನೋದು ಈಗ ಗೊತ್ತಾಗುತ್ತೆ.

2006ರ ಎಂಎಸ್‌ಎಂಇ ಕಾಯ್ದೆ ಅಂತ ಒಂದಿದೆ. ಕಾರ್ಖಾನೆ ಇರೋರಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಸೇವೆ ಕೊಡೋರಿಗೂ ಅನ್ವಯಿಸುತ್ತೆ. ಒಬ್ಬರೇ ಲ್ಯಾಪ್‌ಟಾಪ್ ಇಟ್ಕೊಂಡು ದುಡಿಯೋರೂ ‘ಉದ್ಯಮ್’ ಪೋರ್ಟಲ್‌ನಲ್ಲಿ ಆಧಾರ್ ಬಳಸಿ ಮೈಕ್ರೋ ಉದ್ಯಮ ಅಂತ ನೋಂದಣಿ ಮಾಡ್ಕೋಬಹುದು. ಶುಲ್ಕ ಇಲ್ಲ. ಶುಲ್ಕ ಕೇಳೋ ವೆಬ್‌ಸೈಟ್ ಕಂಡ್ರೆ ಅದು ಸರ್ಕಾರದ್ದಲ್ಲ.

ನೋಂದಣಿ ಇದ್ರೆ ಏನು ಸಿಗುತ್ತೆ? ಖರೀದಿದಾರರು ಕೆಲಸ ಒಪ್ಕೊಂಡ ಮೇಲೆ, ಲಿಖಿತ ಒಪ್ಪಂದದಲ್ಲಿ ಇರೋ ಗಡುವಿನೊಳಗೆ ದುಡ್ಡು ಕೊಡಬೇಕು, ಆದ್ರೆ ಆ ಗಡುವು 45 ದಿನ ಮೀರೋ ಹಾಗಿಲ್ಲ. "ನಮ್ಮ ಕಂಪನಿ ಪಾಲಿಸಿ 90 ದಿನ" ಅಂದ್ರೂ ಕಾಯ್ದೆ ಪ್ರಕಾರ 45. ಒಪ್ಪಂದವೇ ಇಲ್ಲದಿದ್ರೆ 15 ದಿನ. ಕೆಲಸದಲ್ಲಿ ತಕರಾರಿದ್ರೆ ಅದನ್ನೂ 15 ದಿನದೊಳಗೆ ಲಿಖಿತವಾಗಿ ಹೇಳಬೇಕು, ಇಲ್ಲಾಂದ್ರೆ ಒಪ್ಪಿದ ಹಾಗೇ ಲೆಕ್ಕ. ನಾಲ್ಕು ತಿಂಗಳು ಬಿಟ್ಟು "ಕ್ವಾಲಿಟಿ ಸರಿ ಇರಲಿಲ್ಲ" ಅನ್ನೋ ಆಟ ನಡೆಯಲ್ಲ. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 6% ಅಂತ ಇಟ್ಕೊಂಡ್ರೆ 18% ಆಯ್ತು.

ಕೊಡದಿದ್ರೆ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. 2017ರಲ್ಲಿ ಇದಕ್ಕಂತಲೇ ‘ಸಮಾಧಾನ್’ ಅನ್ನೋ ಪೋರ್ಟಲ್ ಶುರುವಾಯ್ತು. ನಂಗೆ ತುಂಬಾ ಇಷ್ಟವಾದ ಅಂಶ ಇದು: ಕ್ಲೈಂಟು ದೇಶದ ಯಾವ ಮೂಲೆಯಲ್ಲೇ ಇರಲಿ, ದೂರು ಕೇಳೋದು ನಿಮ್ಮ ರಾಜ್ಯದ ಕೌನ್ಸಿಲ್. ಶಿವಮೊಗ್ಗದವರು ಗುರುಗ್ರಾಮಕ್ಕೆ ಅಲೆಯೋ ಹಾಗಿಲ್ಲ. ಕೌನ್ಸಿಲ್ ತೀರ್ಪನ್ನ ಪ್ರಶ್ನಿಸಿ ಕೋರ್ಟಿಗೆ ಹೋಗೋ ಕಂಪನಿ ಮೊದಲು ಮೊತ್ತದ 75% ಠೇವಣಿ ಇಡಬೇಕು. ಕಾಯ್ದೆಯಲ್ಲಿ 90 ದಿನದೊಳಗೆ ಇತ್ಯರ್ಥ ಅಂತಿದೆ. ಅಷ್ಟು ಬೇಗ ಆಗುತ್ತೆ ಅಂತ ಕಾಯ್ಕೊಂಡು ಕೂರಬೇಡಿ, ನಮ್ಮ ಕಚೇರಿಗಳ ವೇಗ ನಿಮಗೆ ಗೊತ್ತೇ ಇದೆ.

ಆದ್ರೆ ಕೌನ್ಸಿಲ್‌ವರೆಗೆ ಹೋಗೋಕೆ ಮುಂಚೆನೇ ಕೆಲಸ ಮಾಡೋ ಇನ್ನೊಂದು ಅಸ್ತ್ರ ಇದೆ. 2023ರ ಬಜೆಟ್ಟಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ಕಲಮು ಸೇರಿಸಿದ್ರು, 2024ರ ಏಪ್ರಿಲ್‌ನಿಂದ ಜಾರಿ. ಮೈಕ್ರೋ, ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನ ಈ 15 ಅಥವಾ 45 ದಿನದ ಗಡುವು ಮೀರಿ, ಆರ್ಥಿಕ ವರ್ಷ ಮುಗಿದ್ರೂ ಬಾಕಿ ಉಳಿಸ್ಕೊಂಡ್ರೆ, ಕಂಪನಿ ಆ ಖರ್ಚನ್ನ ಆ ವರ್ಷ ತೋರಿಸೋ ಹಾಗಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ. ಅಂದ್ರೆ ಅವರಿಗೆ ಆ ವರ್ಷ ತೆರಿಗೆ ಜಾಸ್ತಿ. ಬಿಲ್ಲಿನ ಕೆಳಗೆ ನಿಮ್ಮ ಉದ್ಯಮ್ ನಂಬರು ಹಾಕಿ, ಮೈಕ್ರೋ ಉದ್ಯಮ ಅಂತ ಒಂದು ಸಾಲು ಬರೀರಿ. ಮಾರ್ಚ್ ತಿಂಗಳಲ್ಲಿ ಆ ಸಾಲಿನ ಮೇಲೆ ಅಕೌಂಟೆಂಟ್‌ಗಳ ಕಣ್ಣು ತಾನಾಗೇ ಬೀಳುತ್ತೆ. ಜಿಎಸ್‌ಟಿ ಇರೋರ ಕೈಯಲ್ಲಿ ಇನ್ನೊಂದಿದೆ: ಬಿಲ್ಲಿನ ತಾರೀಖಿಂದ 180 ದಿನದೊಳಗೆ ದುಡ್ಡು ಕೊಡದಿದ್ರೆ, ಕ್ಲೈಂಟು ನಿಮ್ಮ ಬಿಲ್ಲಿನ ಮೇಲೆ ತಗೊಂಡ ತೆರಿಗೆ ಕ್ರೆಡಿಟ್ಟನ್ನ ವಾಪಸ್ ಮಾಡಬೇಕು. ಬೆದರಿಕೆ ಥರ ಬೇಡ, ನೆನಪಿಸೋ ಥರ ಒಂದು ಸಾಲು ಸಾಕು.

ಬೇಜಾರಿನ ಸುದ್ದಿ ಏನಂದ್ರೆ, ನಮ್ಮ ಶಿವಮೊಗ್ಗದ ಗೆಳೆಯರಿಗೆ ಉದ್ಯಮ್ ನೋಂದಣಿ ಇರಲಿಲ್ಲ. ನೋಂದಣಿಗೆ ಮುಂಚೆ ಕೊಟ್ಟ ಕೆಲಸಕ್ಕೆ ಈ ಕಾಯ್ದೆಯ ರಕ್ಷಣೆ ಸಿಗಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರಲ್ಲಿ ಇನ್ನೊಂದು ಪೀಠ ಆ ಪ್ರಶ್ನೆಯನ್ನ ದೊಡ್ಡ ಪೀಠಕ್ಕೆ ಕಳಿಸಿತು. ಅದನ್ನ ನಂಬ್ಕೊಂಡು ಕೂರೋ ಬದಲು ಈ ಸಂಚಿಕೆ ಕೇಳಿ ಮುಗಿಸಿದ ಮೇಲೆ ನೋಂದಣಿ ಮಾಡ್ಕೊಂಡುಬಿಡಿ. ಅವರ ಈಗಿನ ಬಾಕಿಗೆ ಇರೋ ದಾರಿ ಮಾಮೂಲಿಯದ್ದು: ಸರಿಯಾದ ಬಿಲ್, ಲಿಖಿತ ನೆನಪು, ವಕೀಲರ ನೋಟಿಸ್, ಕೊನೆಗೆ ಸಿವಿಲ್ ದಾವೆ. ದಾವೆ ಹೂಡೋಕೆ ಮೂರು ವರ್ಷ ಕಾಲಾವಕಾಶ. 62,000ಕ್ಕೆ ದಾವೆ ಹೂಡೋದು ಲಾಭವೇ ಅಂದ್ರೆ, ನನ್ನ ಪ್ರಕಾರ ಅಲ್ಲ. ನೋಟಿಸ್‌ವರೆಗೆ ಹೋಗಬಹುದು. ಅದಕ್ಕಿಂತ ಮುಂಚೆ ಒಂದು ಸುಲಭದ ದಾರಿ ಇದೆ, ಹಳೇ ಬಾಕಿ ಬರೋವರೆಗೆ ಹೊಸ ಕೆಲಸದ ಫೈಲ್ ಕಳಿಸಬೇಡಿ.

ಇದಕ್ಕೆ ಅವರು, "ಅಕ್ಕ, ಅವರು ಬೇರೆಯವರನ್ನ ಹುಡುಕ್ಕೊಂಡ್ರೆ?" ಅಂದ್ರು. ಹುಡುಕ್ಕೋಬಹುದು. ನಾನೂ ಹಾಗೆ ಒಂದು ಕ್ಲೈಂಟ್ ಕಳ್ಕೊಂಡೆ. ಆದ್ರೆ ಐದು ತಿಂಗಳು ದುಡ್ಡು ಕೊಡದೇ ಇರೋ ಕ್ಲೈಂಟಿಗೆ ನೀವು ಬಡ್ಡಿಯಿಲ್ಲದ ಸಾಲ ಕೊಡ್ತಿದ್ದೀರಿ, ಅದೂ ಅಮ್ಮನ ಹತ್ರ ಸಾಲ ಮಾಡಿ. ಆ ಲೆಕ್ಕವನ್ನ ಅವರೇ ಮಾಡ್ಲಿ ಅಂತ ಸುಮ್ಮನಾದೆ.

ಮುಂದಿನ ಕೆಲಸಕ್ಕೆ ಅವರಿಗೆ ಹೇಳಿದ್ದು ಇಷ್ಟು: ಹೊಸ ಕ್ಲೈಂಟ್ ಆದ್ರೆ ಮೂರನೇ ಒಂದು ಭಾಗ ಅಡ್ವಾನ್ಸ್ ಕೇಳಿ, ಕೊಡಲ್ಲ ಅಂದ್ರೆ ಕೆಲಸವನ್ನ ಎರಡು ಕಂತು ಮಾಡಿ, ಮೊದಲ ಕಂತಿನ ದುಡ್ಡು ಬಂದ ಮೇಲೆ ಎರಡನೇದು. ಗಡುವು, ತಡವಾದ್ರೆ ಬಡ್ಡಿ, ಎಷ್ಟು ಸಲ ತಿದ್ದಿಕೊಡ್ತೀರಿ, ಎಲ್ಲ ಕೆಲಸ ಒಪ್ಕೊಳ್ಳೋ ಮೇಲಲ್ಲೇ ಬರೀರಿ. ಬರೀ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದ್ರೆ "ಇದಕ್ಕೆ ನಾವು ಒಪ್ಪೇ ಇರಲಿಲ್ಲ" ಅಂತಾರೆ. ಬಿಲ್ಲನ್ನ ಕೆಲಸ ಕೊಟ್ಟ ದಿನವೇ ಕಳಿಸಿ. ತಿಂಗಳ ಕೊನೆಗೆ ಎಲ್ಲ ಸೇರಿಸಿ ಮಾಡ್ತೀನಿ ಅಂತ ಇಟ್ಕೊಂಡ್ರೆ, ನಿಮ್ಮ ಗಡುವು ಅಲ್ಲಿಂದ ಶುರುವಾಗುತ್ತೆ.

ಹೋದ ಶುಕ್ರವಾರ ನಾವಿಬ್ಬರೂ ಫೋನಲ್ಲಿ ಕೂತು ಆ ಬಿಲ್ಲನ್ನ ಹೊಸದಾಗಿ ಮಾಡಿದ್ವಿ. ಹಳೇದನ್ನ ರದ್ದು ಮಾಡಿದ್ದೀವಿ ಅಂತ ಮೇಲಲ್ಲೇ ಬರೆದ್ವಿ. ಕಂಪನಿಯ ಸರಿಯಾದ ಹೆಸರು, ಪ್ಯಾನ್, ಪದಗಳ ಲೆಕ್ಕ, ಬ್ಯಾಂಕ್ ವಿವರ, ಗಡುವು. ಜಿಎಸ್‌ಟಿ ಸಾಲು ಹೋಯ್ತು. 73,160 ಇದ್ದದ್ದು 62,000 ಆಯ್ತು. ಟಿಡಿಎಸ್ ಕಳೆದ್ರೆ ಕೈಗೆ 55,800. "ಇಷ್ಟೇನಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು "ಪರವಾಗಿಲ್ಲ, ಬಂದ್ರೆ ಸಾಕು" ಅಂದ್ರು.

ಇವತ್ತು ಬೆಳಗ್ಗೆ ಮೆಸೇಜ್ ಮಾಡಿದ್ದಾರೆ. ಐದು ತಿಂಗಳಲ್ಲಿ ಮೊದಲ ಸಲ ಅಕೌಂಟ್ಸ್ ವಿಭಾಗದಿಂದ ನೇರವಾಗಿ ಉತ್ತರ ಬಂದಿದೆಯಂತೆ: ವೆಂಡರ್ ಫಾರ್ಮ್ ತುಂಬಿ ಕಳಿಸಿ, ಮುಂದಿನ ಪಾವತಿ ಪಟ್ಟಿಗೆ ಸೇರಿಸ್ತೀವಿ ಅಂತ. ದುಡ್ಡು ಇನ್ನೂ ಬಂದಿಲ್ಲ. ಬಂದ್ರೆ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ, ಬರದಿದ್ರೂ ಹೇಳ್ತೀನಿ. ನಿಮ್ಮ ಹತ್ರನೂ ಹೀಗೆ ಸಿಕ್ಕಿಹಾಕ್ಕೊಂಡಿರೋ ಬಿಲ್ ಇದ್ರೆ, ಹೆಸರು ಮತ್ತು ಪ್ಯಾನ್ ಮುಚ್ಚಿ ಫೋಟೋ ಕಳಿಸಿ.